ಪೆರ್ನಾಲ್ ಉಡುಗೊರೆ: ಪೇಟೆಗೆ ಹೋಗುವ ಮೊದಲು ನಮ್ಮ ಕೈಗಳನ್ನೊಮ್ಮೆ ನೋಡೋಣ

ರಮಝಾನಿಗೆ ಇನ್ನು ಬೆರಳೆಣಿಕೆಯ ದಿನಗಳು. ಮದ್ರಸಗಳಲ್ಲಿ ವಾರ್ಷಿಕ ಪರೀಕ್ಷೆ ಮುಗಿದಿದೆ, ಮಕ್ಕಳಿಗೆ ರಜೆ. ಚೆರಿಯ ಪೆರ್ನಾಲಿಗೆ ಹೆಚ್ಚುಕಡಿಮೆ 5 ವಾರ ಉಂಟು. ಪೆರ್ನಾಲಿನ ಉಡುಗೊರೆಯ ಬಗ್ಗೆ ಈಗಲೇ ಎಂತ ಬರೆಯುವುದು, 27ನೇ ರಾತ್ರಿ ಕಳೆದ ಮೇಲೆ ಪೇಟೆಗೆ ಹೋದರಾಯಿತಲ್ಲ ಎಂದು ಕೆಲವರು ಕೇಳಬಹುದು. ಪೇಟೆಯಿಂದ ತರುವುದಾದರೆ ಒಂದು ಸಂಜೆ ಸಾಕು. ನಾನು ಹೇಳಹೊರಟದ್ದು ಕೈಯಲ್ಲಿ ಮಾಡಿ ಕೊಡುವ ಉಡುಗೊರೆಯ ವಿಷಯ. ಅದಕ್ಕೆ ಈ 5 ವಾರ ಬೇಕೇ ಬೇಕು.

ನಮ್ಮಲ್ಲಿ ಪೆರ್ನಾಲಿನ ದಿನ ಮನೆಯಿಂದ ಮನೆಗೆ ಏನಾದರೂ ಹೋಗುವುದು ಹೊಸ ಸಂಗತಿಯಲ್ಲ. ನಾನು ಸಣ್ಣವನಿದ್ದಾಗ ಹೋಗುತ್ತಿದ್ದದ್ದು ತಟ್ಟೆ. ಪತ್ತಿರ್, ಅದರ ಪಕ್ಕದಲ್ಲಿ ಸಾರಿನ ಪಾತ್ರೆ, ಮೇಲೆ ಒಂದು ಮುಚ್ಚುವ ಬಟ್ಟೆ. ಆ ಬಟ್ಟೆಯ ಅಂಚಿಗೆ ಉಮ್ಮ ಕೆಂಪು ನೂಲಿನಲ್ಲಿ ಹೂ ಹೊಲಿದಿದ್ದರು. ತಟ್ಟೆ ಹೊತ್ತುಕೊಂಡು ಹೋಗುವ ಕೆಲಸ ನಮ್ಮದು, ಮಕ್ಕಳದ್ದು. ಆಚೆ ಮನೆಯ ಬಾಯಮ್ಮ, ಈಚೆ ಮನೆಯ ಶೆಟ್ರು, ಗುಡ್ಡೆಯ ಮೇಲಿನ ಮನೆಯ ನಮ್ಮದೇ ಸಂಬಂಧಿಕರು, ಯಾರೂ ತಟ್ಟೆಯನ್ನು ಖಾಲಿ ಕಳಿಸುತ್ತಿರಲಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕೊಡುತ್ತಿದ್ದರು. ಕ್ರಿಸ್ಮಸ್ ಬಂದಾಗ ಬಾಯಮ್ಮನ ಮನೆಯಿಂದ ಕುಸ್ವಾರಿನ ತಟ್ಟೆ ಬರುತ್ತಿತ್ತು. ಅದರ ಮೇಲೆಯೂ ಒಂದು ಬಟ್ಟೆ, ಅದು ಕ್ರೋಶ ಕಡ್ಡಿಯಲ್ಲಿ ಹೆಣೆದದ್ದು, ಸುತ್ತ ಗಾಜಿನ ಮಣಿ. ಯಾರ ಮನೆಯ ಬಟ್ಟೆ ಯಾವುದು ಎಂದು ಊರಿಗೆಲ್ಲ ಗೊತ್ತಿತ್ತು. ಬಟ್ಟೆ ನೋಡಿಯೇ ತಟ್ಟೆ ಯಾರ ಮನೆಯದ್ದೆಂದು ಹೇಳುತ್ತಿದ್ದರು.

ಆಮೇಲೆ ಗಲ್ಫಿನ ಕಾಲ ಬಂತು. ಊರಿಗೆ ಬಂದವರ ಪೆಟ್ಟಿಗೆ ಬಿಚ್ಚುವಾಗ ಮನೆ ತುಂಬ ಜನ. ಟ್ಯಾಂಗ್ ಡಬ್ಬಿ, ನಿಡೋ, ಟೈಗರ್ ಬಾಮ್, ದಪ್ಪದ ಹೂವಿನ ಬ್ಲಾಂಕೆಟ್. ಮರಳುಗಾಡಿನ ಬಿಸಿಲಲ್ಲಿ ಬೆವರು ಸುರಿಸಿ ಉಳಿಸಿದ ಹಣದಲ್ಲಿ ತಂದದ್ದು ಅದು, ಆ ಪೆಟ್ಟಿಗೆಯನ್ನು ತಮಾಷೆ ಮಾಡುವ ಹಕ್ಕು ನಮಗೆ ಯಾರಿಗೂ ಇಲ್ಲ. ಆದರೆ ಆ ಕಾಲದಲ್ಲಿಯೇ ನಮ್ಮ ಮನೆಗಳಲ್ಲಿ ಒಂದು ಅಭ್ಯಾಸ ಬೇರೂರಿತು: ಅಂಗಡಿಯ ಲೇಬಲ್ ಇದ್ದದ್ದು ಉಡುಗೊರೆ, ಮನೆಯಲ್ಲಿ ಮಾಡಿದ್ದು ಬರೀ ಸಾಮಾನು. ಈಗ ಗಲ್ಫಿನ ಪೆಟ್ಟಿಗೆ ಇಲ್ಲದಿದ್ದರೂ ಆ ಅಭ್ಯಾಸ ಉಳಿದಿದೆ. ತೊಕ್ಕೊಟ್ಟಿನಲ್ಲಾಗಲಿ, ಬಿ.ಸಿ. ರೋಡಿನಲ್ಲಾಗಲಿ, ಉಪ್ಪಿನಂಗಡಿಯಲ್ಲಾಗಲಿ ಕೊನೆಯ ಹತ್ತು ನೋಂಬಿನಲ್ಲಿ ಒಮ್ಮೆ ನಿಂತು ನೋಡಿ, ಹೊಳೆಯುವ ಕಾಗದ ಸುತ್ತಿದ ಡಬ್ಬಿಗಳು ಕೈಯಿಂದ ಕೈಗೆ ಹೋಗುತ್ತಿರುತ್ತವೆ. ಒಳಗೆ ಏನುಂಟು ಎಂಬುದಕ್ಕಿಂತ ಡಬ್ಬಿ ಎಷ್ಟು ದೊಡ್ಡದು ಎಂಬುದೇ ಮುಖ್ಯ.

ಉಳ್ಳವರು ಕೊಟ್ಟುಕೊಳ್ಳಲಿ, ಅದರಲ್ಲಿ ನನಗೇನೂ ಹೊಟ್ಟೆಕಿಚ್ಚಿಲ್ಲ. ಕಷ್ಟ ಇರುವುದು ಬೇರೆ ಕಡೆ. ಮಗಳಿಗೆ ಮದುವೆಯಾದ ಮೇಲಿನ ಮೊದಲ ಪೆರ್ನಾಲ್ ಎಂದರೆ ಹೆಣ್ಣಿನ ಮನೆಯವರಿಗೆ ಎದೆ ಡವಗುಟ್ಟುವ ದಿನ. ಅಳಿಯನಿಗೆ ಬಟ್ಟೆ, ವಾಚು, ಅತ್ತೆಗೆ ಸೀರೆಯೋ ಚೂಡಿದಾರೋ, ನಾದಿನಿಯರಿಗೆ ಒಂದೊಂದು, ಜೊತೆಗೆ ಹಣ್ಣು, ತಿಂಡಿ, ಡ್ರೈಫ್ರೂಟ್ಸಿನ ಪೆಟ್ಟಿಗೆ. ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಕೇಳದೆಯೇ ಎಲ್ಲರಿಗೂ ಗೊತ್ತಿರುವ ಲೆಕ್ಕ ಅದು.

ನನಗೆ ಗೊತ್ತಿರುವ ಒಬ್ಬ ತಾಯಿ ಇದ್ದಾರೆ. ಗಂಡ ತೀರಿಹೋಗಿ ವರ್ಷಗಳಾದವು, ಬೀಡಿ ಕಟ್ಟಿ ಮೂವರು ಮಕ್ಕಳನ್ನು ಸಾಕಿದವರು. ದೊಡ್ಡ ಮಗಳ ಮೊದಲ ಪೆರ್ನಾಲಿಗೆ ಅವರು ಸಂಘದಲ್ಲಿ ಸಾಲ ಮಾಡಿ ಪೆಟ್ಟಿಗೆ ಕಳಿಸಿದರು. ಆ ಸಾಲದ ಕಂತು ತೀರುವಾಗ ಮುಂದಿನ ಪೆರ್ನಾಲ್ ಹತ್ತಿರ ಬಂದಿತ್ತು. ಎರಡನೇ ವರ್ಷ ಅವರು ಬೇರೊಂದು ಉಪಾಯ ಮಾಡಿದರು. ಮಗಳ ಹಳೆಯ ಚೂಡಿದಾರಗಳು, ತಮ್ಮ ಎರಡು ಹತ್ತಿಯ ಸೀರೆ, ತೀರಿಹೋದ ಗಂಡನ ಒಂದು ಬಿಳಿ ಮುಂಡು, ಇಷ್ಟನ್ನು ಕೂಡಿಸಿ ಒಂದು ಹೊದಿಕೆ ಹೊಲಿದರು. ಬೀಡಿಯ ಎಲೆ ಕತ್ತರಿಸಿ ಪಳಗಿದ ಕೈ ಅದು. ತುಂಡುಗಳೆಲ್ಲ ಒಂದೇ ಅಳತೆ, ಹೊಲಿಗೆ ಎಲ್ಲಿಯೂ ಸೊಟ್ಟ ಇಲ್ಲ. ನಾನು ಕಂಡಿದ್ದೇನೆ, ಕಳಿಸುವ ಮೊದಲು ದುಆ ಮಾಡಿ ಉಸ್ತಾದರೇ ಎಂದು ತಂದು ತೋರಿಸಿದ್ದರು. ಹೊದಿಕೆ ಆ ಮನೆಗೆ ಹೋಯಿತು. ಅವರು ತೆಗೆದುಕೊಂಡರು. ಬಿಚ್ಚಿ ನೋಡಲಿಲ್ಲ. "ಇದನ್ನು ಮೇಲೆ ಇಡು" ಎಂದು ಮಗಳ ಕೈಗೇ ಕೊಟ್ಟರಂತೆ. ಮೂರನೇ ವರ್ಷ ಆ ತಾಯಿ ಪುನಃ ಸಂಘಕ್ಕೆ ಹೋದರು.

ಆ ಹೊದಿಕೆಯನ್ನು ಕಟ್ಟಿಟ್ಟವರು ಕೆಟ್ಟವರಲ್ಲ. ಐದು ಹೊತ್ತು ನಮಾಝ್ ಮಾಡುವವರು, ಸದಕ ಕೊಡುವವರು. ಅವರ ಕಣ್ಣಿಗೆ ಕಂಡದ್ದು ಹೊಲಿಗೆಯಲ್ಲ, ಬಡತನ. ಇದೇ ಹೊದಿಕೆಯನ್ನು ಊರಿನ ದೊಡ್ಡ ಮನೆಯ ಹಜ್ಜುಮ್ಮ ಹೊಲಿದು ಕೊಟ್ಟಿದ್ದರೆ? "ನೋಡಿ, ಈ ವಯಸ್ಸಲ್ಲಿ ತಮ್ಮ ಕೈಯಾರೆ ಹೊಲಿದು ಕೊಟ್ಟಿದ್ದಾರೆ" ಎಂದು ಬಂದವರಿಗೆಲ್ಲ ತೋರಿಸುತ್ತಿದ್ದರು. ಬಡವರು ಮಾಡಿ ಕೊಟ್ಟರೆ ಗತಿಯಿಲ್ಲದ್ದಕ್ಕೆ, ಉಳ್ಳವರು ಮಾಡಿ ಕೊಟ್ಟರೆ ಪ್ರೀತಿಗೆ. ಹಾಗಾದರೆ ಕೈಯಲ್ಲಿ ಮಾಡಿ ಕೊಡುವುದನ್ನು ಮೊದಲು ಶುರು ಮಾಡಬೇಕಾದವರು ಯಾರು? ನನ್ನ ಪ್ರಕಾರ, ಅಂಗಡಿಯಿಂದ ಎಷ್ಟು ಬೇಕಾದರೂ ತರಬಲ್ಲವರು. ಸೊಸೆಯ ಮನೆಗೆ ಅವರು ಮೊದಲು ಒಂದು ಮುಸಲ್ಲ ಹೊಲಿದು ಕಳಿಸಲಿ. ಆಗ ಸೊಸೆಯ ಮನೆಯವರಿಗೂ ಒಂದು ಟೋಪಿಯನ್ನೋ ದಿಂಬಿನ ಕವರನ್ನೋ ಹೊಲಿದು ಕಳಿಸಲಿಕ್ಕೆ ಧೈರ್ಯ ಬರುತ್ತದೆ, ಸಾಲದ ಪುಸ್ತಕ ಮುಚ್ಚಿಯೇ ಇರುತ್ತದೆ.

ಪ್ರವಾದಿಯವರಿಗೆ(ಸ) ಬಂದ ಒಂದು ಹೊದಿಕೆ

ದೀನಿನಲ್ಲಿ ಕೈಕೆಲಸದ ಉಡುಗೊರೆಗೆ ಎಂತಹ ಸ್ಥಾನ ಉಂಟು ಎಂಬುದಕ್ಕೆ ಸಹೀಹುಲ್ ಬುಖಾರಿಯಲ್ಲಿ ಒಂದು ಘಟನೆ ಬರುತ್ತದೆ. ಸಹ್ಲ್ ಬಿನ್ ಸಅದ್(ರ) ಅವರು ವರದಿ ಮಾಡಿದ್ದು. ಒಬ್ಬ ಮಹಿಳೆ ಅಂಚು ನೇಯ್ದ ಒಂದು ಬುರ್ದಾ ತಂದು, ಇದನ್ನು ನನ್ನ ಕೈಯಿಂದಲೇ ನೇಯ್ದೆ, ತಾವು ಉಡಲಿ ಎಂದು ತಂದೆ ಎಂಬರ್ಥದ ಮಾತು ಹೇಳಿ ಪ್ರವಾದಿಯವರಿಗೆ(ಸ) ಕೊಟ್ಟರು. ಅವರಿಗೆ ಆಗ ಬಟ್ಟೆಯ ಅಗತ್ಯವಿತ್ತು. ಪಡೆದುಕೊಂಡರು, ಉಟ್ಟುಕೊಂಡೇ ಜನರ ಮುಂದೆ ಬಂದರು. ಒಬ್ಬರು ಅದು ಚೆನ್ನಾಗಿದೆ, ನನಗೆ ಕೊಡಿ ಎಂದು ಕೇಳಿಬಿಟ್ಟರು. ಪ್ರವಾದಿಯವರು(ಸ) ಒಳಗೆ ಹೋಗಿ ಮಡಚಿ ಕಳಿಸಿಕೊಟ್ಟರು. ಉಳಿದವರು ಕೇಳಿದವನನ್ನು ಆಕ್ಷೇಪಿಸಿದಾಗ, ಉಡಲಿಕ್ಕೆ ಕೇಳಿದ್ದಲ್ಲ, ನನ್ನ ಕಫನ್ ಆಗಲಿ ಎಂದು ಕೇಳಿದೆ ಎಂದರಂತೆ. ಅವರ ಮರಣದ ಬಳಿಕ ಅದೇ ಅವರ ಕಫನ್ ಆಯಿತು.

ಈ ಹದೀಸನ್ನು ತರಗತಿಯಲ್ಲಿ ಹೇಳುವಾಗ ಮಕ್ಕಳು ಯಾವಾಗಲೂ ಕೇಳುವುದು ಕೇಳಿದವನ ಬಗ್ಗೆ. ನನ್ನ ಮನಸ್ಸು ನಿಲ್ಲುವುದು ಪಡೆದುಕೊಂಡ ರೀತಿಯ ಮೇಲೆ. ಅಟ್ಟಕ್ಕೆ ಹೋಗಲಿಲ್ಲ ಅದು. ನೇಯ್ದ ಕೈಯ ಮುಂದೆಯೇ, ಜನರ ಮುಂದೆಯೇ ಉಟ್ಟರು.

ಹಝ್ರತ್ ಝೈನಬ್ ಬಿಂತ್ ಜಹ್ಶ್(ರ) ಪ್ರವಾದಿ ಪತ್ನಿಯರಲ್ಲಿ ಒಬ್ಬರು. ಚರ್ಮ ಹದ ಮಾಡಿ, ಹೊಲಿದು, ಅದರಿಂದ ಬಂದದ್ದನ್ನು ದಾನ ಮಾಡುತ್ತಿದ್ದರು. ದಾವೂದ್ ನೆಬಿಯವರು(ಅ) ರಾಜರಾಗಿದ್ದೂ ಕೈಕೆಲಸದಿಂದಲೇ ಉಂಡವರು. ಹಝ್ರತ್ ಆಯಿಶಾ(ರ) ಅವರ ಮನೆಯಲ್ಲಿ ಚಿತ್ರಗಳಿದ್ದ ಪರದೆಯೊಂದನ್ನು ಪ್ರವಾದಿಯವರು(ಸ) ಇಷ್ಟಪಡಲಿಲ್ಲ. ಅದನ್ನು ಅವರು ಬಿಸಾಡಲಿಲ್ಲ, ಕತ್ತರಿಸಿ ದಿಂಬು ಮಾಡಿದರು. ಹಳೆಯ ಬಟ್ಟೆಯಲ್ಲಿ ಎಂತ ಹೊಲಿಯುವುದು ಉಸ್ತಾದರೇ ಎಂದು ಮೂಗು ಮುರಿಯುವವರಿಗೆ ನಾನು ಇದನ್ನೇ ಹೇಳುವುದು. ನೆರೆಮನೆಯವಳು ಕೊಟ್ಟದ್ದು ಆಡಿನ ಗೊರಸೇ ಆದರೂ ತುಚ್ಛವಾಗಿ ಕಾಣಬೇಡಿ ಎಂದು ಮಹಿಳೆಯರನ್ನೇ ಉದ್ದೇಶಿಸಿ ಹೇಳಿದ ಹದೀಸಂತೂ ನಿಮಗೆಲ್ಲ ಗೊತ್ತಿರುವಂಥದ್ದೇ.

ಮುಸಲ್ಲದಿಂದ ಶುರು ಮಾಡಿ

ಮನೆಯಲ್ಲಿ ಮಾಡಬಹುದಾದ ಉಡುಗೊರೆಗಳಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಮುಸಲ್ಲ. ಕೊಟ್ಟವರ ನೆನಪು ದಿನಕ್ಕೆ ಐದು ಸಲ ಆಗುತ್ತದೆ. ಹೊಲಿಗೆ ಮೆಷಿನ್ ಇಲ್ಲದೆಯೂ ಆಗುವ ಕೆಲಸ. ಉದ್ದ 44 ಇಂಚು, ಅಗಲ 28 ಇಂಚು ಇದ್ದರೆ ದೊಡ್ಡವರಿಗೆ ಸಾಕು, ಎತ್ತರದವರಾದರೆ ಉದ್ದಕ್ಕೆ ಮೂರ್ನಾಲ್ಕು ಇಂಚು ಸೇರಿಸಿ. ಮೂರು ಪದರ ಬೇಕು. ಮೇಲೆ ಒಂದೇ ಬಣ್ಣದ ಹತ್ತಿ ಬಟ್ಟೆ, ನಡುವೆ ಹಳೆಯ ಬೈರಾಸು ಅಥವಾ ತೆಳು ಕಂಬಳಿ, ಅಡಿಗೆ ಗಟ್ಟಿ ಬಟ್ಟೆ. ಹೊಸ ಬಟ್ಟೆಯಾದರೆ ಮೊದಲು ನೀರಿಗೆ ಹಾಕಿ ಒಗೆದು ಒಣಗಿಸಿ, ಆಮೇಲೆ ಕತ್ತರಿಸಿ. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಒಂದು ಪದರ ಕುಗ್ಗಿ ಇಡೀ ಮುಸಲ್ಲ ಹಪ್ಪಳದ ಹಾಗೆ ಸುಕ್ಕಾಗುತ್ತದೆ.

ಮೂರೂ ಪದರಗಳನ್ನು ಇಸ್ತ್ರಿ ಮಾಡಿ ನೆಲದ ಮೇಲೆ ಒಂದರ ಮೇಲೊಂದು ಹಾಸಿ, ನಡುವಿನಿಂದ ಅಂಚಿನ ಕಡೆಗೆ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ. ಅಂಚಿನಿಂದ ಶುರು ಮಾಡಿದರೆ ನಡುವೆ ಬಟ್ಟೆ ಉಬ್ಬಿ ನಿಲ್ಲುತ್ತದೆ. ಬಳಿಕ ಇಂಚಿಗೊಂದು ಸಾಲಿನಂತೆ ಸಣ್ಣ ಹೊಲಿಗೆ. ಕೊನೆಗೆ ಸುತ್ತ ಪಟ್ಟಿ ಕಟ್ಟಿ, ಕಚ್ಚಾ ನೂಲು ಕಿತ್ತರೆ ಮುಗಿಯಿತು. ದಿನಕ್ಕೆ ಒಂದು ಗಂಟೆ ಕುಳಿತರೆ ಎರಡರಿಂದ ಮೂರು ವಾರದ ಕೆಲಸ. ಕಿಬ್ಲಾದ ಕಡೆ ಯಾವುದು ಎಂದು ತಿಳಿಯಲು ಒಂದು ಸಣ್ಣ ಕಮಾನು ಹೊಲಿದರೆ ಸಾಕು.

ಇಲ್ಲಿ ಎರಡು ಮೂರು ಮಸ್‌ಅಲ ಹೇಳಲಿಕ್ಕುಂಟು. ಹಣೆ ಇಡುವ ಜಾಗದಲ್ಲಿ ಹತ್ತಿ ತುಂಬಿ ಮೆತ್ತೆ ಮಾಡಬೇಡಿ, ಸುಜೂದಿನಲ್ಲಿ ಹಣೆ ಗಟ್ಟಿಯಾಗಿ ಊರಬೇಕು. ವಯಸ್ಸಾದವರಿಗೆ ಕೊಡುವುದಾದರೆ ಮೊಣಕಾಲು ಊರುವಲ್ಲಿ ಮಾತ್ರ ಇನ್ನೊಂದು ಪದರ ಬೈರಾಸು ಸೇರಿಸಿ, ಮೊಣಕಾಲು ನೋವಿನವರು ಜೀವಮಾನವಿಡೀ ನಿಮಗೆ ದುಆ ಮಾಡುತ್ತಾರೆ. ಅಲ್ಲಾಹನ ಹೆಸರನ್ನಾಗಲಿ ಆಯತ್ತನ್ನಾಗಲಿ ಮುಸಲ್ಲದ ಮೇಲೆ, ದಿಂಬಿನ ಮೇಲೆ, ಕಾಲೊರೆಸುವುದರ ಮೇಲೆ ಹೊಲಿಯಬಾರದು. ಪ್ರೀತಿಯಿಂದಲೇ ಮಾಡುತ್ತಾರೆ, ಆದರೆ ತುಳಿಯುವ, ಒರಗುವ ವಸ್ತು ಅದು. ಟೈಲ್ಸ್ ನೆಲದಲ್ಲಿ ಜಾರುವುದಾದರೆ ಅಡಿಗೆ ರಬ್ಬರ್ ಜಾಲರಿಯ ಒಂದು ತುಂಡು ಹೊಲಿಯಿರಿ.

ಬಣ್ಣಬಣ್ಣದ ಹೂಬಳ್ಳಿ ಬೇಡ ಎಂದದ್ದಕ್ಕೂ ಒಂದು ಹಿನ್ನೆಲೆ ಉಂಟು. ಅಬೂ ಜಹ್ಮ್(ರ) ಎಂಬವರು ಕೊಟ್ಟ ಚಿತ್ತಾರದ ವಸ್ತ್ರ ತೊಟ್ಟು ನಮಾಝ್ ಮಾಡಿದಾಗ ಅದರ ಚಿತ್ತಾರ ಪ್ರವಾದಿಯವರ(ಸ) ಗಮನ ಸೆಳೆಯಿತು. ನಮಾಝ್ ಮುಗಿದ ಮೇಲೆ ಅದನ್ನು ಅವರಿಗೇ ಹಿಂದಿರುಗಿಸಿ, ಬದಲಿಗೆ ಅವರದ್ದೇ ಸಾದಾ ವಸ್ತ್ರವನ್ನು ತರಿಸಿಕೊಂಡರು. ಇನ್ನೊಂದನ್ನು ಕೇಳಿ ತರಿಸಿಕೊಂಡದ್ದು ಕೊಟ್ಟವರ ಮನಸ್ಸು ನೋಯಬಾರದು ಎಂದೇ, ಎಂದು ವಿದ್ವಾಂಸರು ವಿವರಿಸಿದ್ದಾರೆ. ಇಷ್ಟವಾಗದ್ದನ್ನು ಹೇಗೆ ನಿಭಾಯಿಸಬೇಕು ಎಂಬುದಕ್ಕೂ ಇದು ಪಾಠವೇ.

ಹೊದಿಕೆ ಹೊಲಿಯುವ ತಾಳ್ಮೆ ಇದ್ದವರಿಗೆ ನಮ್ಮ ಪಕ್ಕದ ಉತ್ತರ ಕನ್ನಡದಲ್ಲೇ ಗುರುಗಳಿದ್ದಾರೆ. ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಂಗಸರು ಹಳೆಯ ಸೀರೆ ಬಟ್ಟೆಗಳಿಂದ ಕೌದಿ ಹೊಲಿಯುತ್ತಾರೆ. ಅವರಲ್ಲಿ ಮುಸ್ಲಿಮರೂ ಇದ್ದಾರೆ, ಹಿಂದೂ, ಕ್ರೈಸ್ತರೂ ಇದ್ದಾರೆ. ಅವರ ಕ್ರಮ ನಾನು ಮೇಲೆ ಹೇಳಿದ್ದಕ್ಕೆ ಉಲ್ಟಾ. ಅಂಚಿನಿಂದ ಶುರು ಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತಾರೆ, ತುಂಡುಗಳನ್ನು ಹೊಲಿಯುತ್ತಲೇ ಜೋಡಿಸುತ್ತಾರೆ. ಕೈ ಪಳಗಿದವರಿಗೆ ಅದು ಆಗುತ್ತದೆ, ಹೊಸಬರಿಗೆ ಕಚ್ಚಾ ಹೊಲಿಗೆಯ ದಾರಿಯೇ ಸುಲಭ. ಮೂಲೆಗಳಿಗೆ ಬಟ್ಟೆ ಮಡಚಿ ಮಾಡಿದ ಒಂದು ಹೂ ಇಡುತ್ತಾರೆ ಅವರು. ಆ ಹೂ ಇಲ್ಲದ ಕೌದಿ ಅವರ ಲೆಕ್ಕದಲ್ಲಿ ಪೂರ್ತಿಯಾದದ್ದೇ ಅಲ್ಲ. ದೊಡ್ಡ ದೊಡ್ಡ ಪಟ್ಟಣಗಳ ಪ್ರದರ್ಶನಗಳಲ್ಲಿ ಆ ಕೌದಿಗಳನ್ನು ಗೋಡೆಗೆ ತೂಗುಹಾಕಿ ಜನ ನೋಡುತ್ತಾರೆ ಮಾರಾಯರೇ. ನಮ್ಮ ಬೀಡಿ ಕಟ್ಟುವ ತಾಯಿಯದ್ದು ಅಟ್ಟದಲ್ಲಿ!

ಕರಟ, ಮಣಿ, ಮರ

ನಮ್ಮ ಕರಾವಳಿಯಲ್ಲಿ ದುಡ್ಡಿಲ್ಲದೆ ಸಿಗುವ ಒಂದು ಒಳ್ಳೆಯ ಸಾಮಗ್ರಿ ತೆಂಗಿನ ಕರಟ. ಒಲೆಗೆ ಹಾಕುವ ಮೊದಲು ಚೆನ್ನಾಗಿ ಬಲಿತ, ಬಿರುಕಿಲ್ಲದ ನಾಲ್ಕು ತೆಗೆದಿಡಿ. ಹೊರಗಿನ ನಾರನ್ನು ಚೂರಿಯಲ್ಲಿ ಹೆರೆದು, ಮೊದಲು ಒರಟು, ಆಮೇಲೆ ನಯ ಮರಳು ಕಾಗದದಲ್ಲಿ ತಿಕ್ಕಬೇಕು. 80 ನಂಬ್ರದ ಕಾಗದದಲ್ಲಿ ಶುರು ಮಾಡಿ 220, ಕೊನೆಗೆ 400. ಧೂಳು ಗಂಟಲಿಗೆ ಹೋಗದ ಹಾಗೆ ಮೂಗಿಗೆ ಬಟ್ಟೆ ಕಟ್ಟಿ, ಹೊರಗೆ ಕುಳಿತು ಮಾಡಿ. ಒಳಗಿನ ಬದಿಯನ್ನೂ ಬಿಡಬೇಡಿ. ಬಳಿಕ ತೆಂಗಿನೆಣ್ಣೆ ಸವರಿ ಒಂದು ರಾತ್ರಿ ಬಿಟ್ಟು ಒರೆಸಿದರೆ ಕರಟ ಕರ್ರಗೆ ಕನ್ನಡಿಯಂತೆ ಹೊಳೆಯುತ್ತದೆ. ವಾರ್ನಿಶ್ ಬೇಡ, ಉಪ್ಪು, ಸಕ್ಕರೆ, ಖರ್ಜೂರ ಹಾಕುವ ಬೋಗುಣಿ ಅದು. ಮಗುಚಿ ಬೀಳದಂತೆ ಅಡಿಗೆ ಕರಟದ್ದೇ ಒಂದು ಬಳೆ ಕತ್ತರಿಸಿ ಕೂರಿಸಬಹುದು. ಇದು ಹುಡುಗರ ಕೆಲಸ. ಅಸರ್ ಆದ ಮೇಲೆ ಮಗ್ರಿಬ್ ತನಕ ಮೊಬೈಲ್ ಹಿಡಿದು ನೋಂಬು ಕಳೆಯುವ ಹುಡುಗರಿಗೆ ಮರಳು ಕಾಗದ ಕೊಟ್ಟು ಕೂರಿಸಿ.

ತಟ್ಟೆ ಮುಚ್ಚುವ ಬಟ್ಟೆಯ ಮಾತು ಮೇಲೆ ಬಂತಲ್ಲ. ಅದು ಈಗ ಕಾಣೆಯಾಗಿದೆ, ಅದರ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ ಬಂದಿದೆ. ಒಂದೂವರೆ ಅಡಿ ಚೌಕದ ತೆಳು ಹತ್ತಿ ಬಟ್ಟೆ ಅಥವಾ ನೆಟ್, ಅಂಚು ಮಡಚಿ ಹೊಲಿದು, ಎರಡು ಬೆರಳಿಗೊಂದರಂತೆ ಗಾಜಿನ ಮಣಿ ಕಟ್ಟುವುದು. ಮಣಿ ಚಂದಕ್ಕೆ ಮಾತ್ರ ಅಲ್ಲ, ಗಾಳಿಗೆ ಬಟ್ಟೆ ಹಾರದಿರಲಿ ಎಂದು ತೂಕಕ್ಕೆ. ಹತ್ತನೇ ಕ್ಲಾಸಿನ ಹುಡುಗಿ ಎರಡು ದಿನದಲ್ಲಿ ಮಾಡಬಲ್ಲಳು. ಪೆರ್ನಾಲಿನ ತಟ್ಟೆ ನೆರೆಮನೆಗೆ ಹೋಗುವಾಗ ಬಟ್ಟೆಯೂ ಅಲ್ಲಿಯೇ ಉಳಿಯಲಿ, ಅದೇ ಉಡುಗೊರೆ. ಬೇರೆ ಧರ್ಮದ ನೆರೆಯವರಿಗೆ ಪೆರ್ನಾಲಿಗೆ ಎಂತ ಕೊಡುವುದು ಎಂದು ಹಲವರು ನನ್ನಲ್ಲಿ ಕೇಳುತ್ತಾರೆ. ಅಡುಗೆ ಕೆಲವರು ಉಣ್ಣುತ್ತಾರೆ, ಕೆಲವರು ಉಣ್ಣುವುದಿಲ್ಲ. ಮಣಿಯ ಬಟ್ಟೆಗೆ ಆ ತಾಪತ್ರಯ ಇಲ್ಲ.

ಹಳೆಯ ದಿಂಬಿನ ಕವರುಗಳ ಮೇಲೆ 'ಸ್ವೀಟ್ ಡ್ರೀಮ್ಸ್' ಎಂದು ಇಂಗ್ಲಿಷಿನಲ್ಲಿ ಹೊಲಿದದ್ದು ನಿಮಗೆ ನೆನಪಿರಬಹುದು. ಇಂಗ್ಲಿಷಿನ ಗಂಧ ಇಲ್ಲದವರೂ ಮಾದರಿ ನೋಡಿ ಅಕ್ಷರ ಅಕ್ಷರ ಹೊಲಿದಿದ್ದರು. ಆ ಕೈಗಳು ಹಲವು ಮನೆಗಳಲ್ಲಿ ಇನ್ನೂ ಇವೆ. ಅಜ್ಜಿಯರನ್ನು ಕೇಳಿ, ಸೂಜಿಗೆ ನೂಲು ಪೋಣಿಸಿ ಕೊಟ್ಟರೆ ಸಾಕು, ಕಣ್ಣು ಮಂಜಾದರೂ ಬೆರಳಿಗೆ ನೆನಪುಂಟು. ಮರಗೆಲಸ ಬಲ್ಲವರಿದ್ದರೆ ಕುರ್‌ಆನ್ ಇಡುವ ರೆಹಾಲ್ ಮಾಡಿಸಿ. ಒಂದೇ ಹಲಗೆಯನ್ನು ಸೀಳಿ, ಮೊಳೆಯಿಲ್ಲದೆ, ಬೆರಳುಗಳು ಹೆಣೆದುಕೊಂಡ ಹಾಗೆ ತಿರುಗುವ ಕೀಲು ಬಿಡಿಸುವುದು ಅದರ ಚಮತ್ಕಾರ. ಹಲಸಿನ ಹಲಗೆ ಆದೀತು. ಎಲ್ಲರಿಗೂ ಆಗುವ ಕೆಲಸವಲ್ಲ ಅದು, ಬಲ್ಲವರಿಗೆ ಗೌರವ ಕೊಟ್ಟು ಮಾಡಿಸಬೇಕು.

ಟೋಪಿಯ ವಿಷಯ ಬಂದಾಗ ಕಾಸರಗೋಡಿನ ತಳಂಗರೆಯನ್ನು ನೆನೆಯದಿದ್ದರೆ ಆಗದು. ಬಿಳಿ ಹತ್ತಿ ಬಟ್ಟೆಯ ಮೇಲೆ ಸೂಜಿಯಿಂದಲೇ ಕೆಲಸ ಮಾಡಿದ ತಳಂಗರೆ ಟೋಪಿಗೆ ಒಂದು ಕಾಲದಲ್ಲಿ ಗಲ್ಫಿನಲ್ಲೂ ಬೇಡಿಕೆ ಇತ್ತು. ಮನೆಯೊಳಗೆ ಕುಳಿತ ಹೆಂಗಸರ ಬೆರಳುಗಳಿಂದ ಬಂದ ಹೆಸರು ಅದು. ಮೆಷಿನಿನ ಅಗ್ಗದ ಟೋಪಿಗಳು ಬಂದ ಮೇಲೆ ಹೊಲಿಯುವವರು ಕಡಿಮೆಯಾದರು. ಅಗ್ಗದ್ದು ಒಂದು ಪೆರ್ನಾಲಿಗೆ ಆಯಿತು, ಮುಂದಿನ ಪೆರ್ನಾಲಿಗೆ ಇನ್ನೊಂದು.

ಯಾರ ಹೆಗಲಿಗೆ?

ಈ ಲೇಖನ ಓದಿ ಮನೆಯ ಗಂಡಸರು, "ನೋಡು, ಉಸ್ತಾದ್ ಬರೆದಿದ್ದಾರೆ, ಈ ಸಲ ನೀನು ನಾಲ್ಕು ಮುಸಲ್ಲ ಹೊಲಿ" ಎಂದು ಹೆಂಡತಿಗೆ ಹೇಳುವುದಾದರೆ ಪೇಪರನ್ನು ಮಡಚಿ ಬದಿಗಿಡಿ. ರಮಝಾನಿನಲ್ಲಿ ಅತ್ತಾಳಕ್ಕೆ ಎಲ್ಲರಿಗಿಂತ ಮೊದಲು ಏಳುವವರು ಅವರು. ಇಫ್ತಾರಿನ ಪಾತ್ರೆ ತೊಳೆದು ಎಲ್ಲರಿಗಿಂತ ಕೊನೆಗೆ ಮಲಗುವವರೂ ಅವರೇ. ಕುರ್‌ಆನ್ ಓದಲು ಪುರುಸೊತ್ತಿಲ್ಲ ಎಂದು ಕಣ್ಣೀರು ಹಾಕುವ ತಾಯಂದಿರನ್ನು ನಾನು ಕಂಡಿದ್ದೇನೆ. ಅವರ ಮೇಲೆ ಇನ್ನೊಂದು ಹೊರೆ ಹೊರಿಸಲಿಕ್ಕೆ ಇದನ್ನು ಬರೆದದ್ದಲ್ಲ. ಪ್ರವಾದಿಯವರು(ಸ) ತಮ್ಮ ಚಪ್ಪಲಿಯನ್ನು ತಾವೇ ದುರಸ್ತಿ ಮಾಡುತ್ತಿದ್ದರು, ಬಟ್ಟೆ ತಾವೇ ಹೊಲಿದುಕೊಳ್ಳುತ್ತಿದ್ದರು ಎಂದು ಹೇಳಿದ್ದು ಆಯಿಶಾ(ರ) ಅವರೇ. ಸೂಜಿ ಹಿಡಿದರೆ ಗಂಡಸ್ತನ ಕರಗುವುದಿಲ್ಲ, ನಮ್ಮೂರ ಟೈಲರುಗಳಲ್ಲಿ ಹೆಚ್ಚಿನವರು ಗಂಡಸರೇ ಅಲ್ಲವಾ? ದೊಡ್ಡ ಹೊಲಿಗೆ ಏನಿದ್ದರೂ ಶಅಬಾನಿನಲ್ಲೇ ಶುರು ಮಾಡಿ, ಕೊನೆಯ ಹತ್ತು ಬರುವ ಮೊದಲು ಮುಗಿಸಿ. ಲೈಲತುಲ್ ಕದ್ರ್ ಹುಡುಕಬೇಕಾದ ರಾತ್ರಿಗಳಲ್ಲಿ ಮಣಿ ಪೋಣಿಸುತ್ತಾ ಕೂರುವುದು ಬುದ್ಧಿವಂತಿಕೆಯಲ್ಲ.

ಇನ್ನೊಂದು ಸಂಗತಿ. ಕೈಯಲ್ಲಿ ಮಾಡಿದ್ದು ಎಂದ ಮಾತ್ರಕ್ಕೆ ಕಡಿಮೆ ಖರ್ಚಿನದ್ದು ಎಂದಲ್ಲ. ರೆಸಿನ್ ಆರ್ಟ್ ಎಂದು ಗಾಜಿನಂತಹ ದ್ರವ ಸುರಿದು ಗಡಿಯಾರ, ಹೆಸರಿನ ಫಲಕ ಮಾಡುವುದು ಈಗ ಹುಡುಗಿಯರಲ್ಲಿ ಚಾಲ್ತಿಯಲ್ಲುಂಟು. ಸಾಮಗ್ರಿಗೇ ಸಾವಿರಾರು ರೂಪಾಯಿ ಬೀಳುತ್ತದೆ. ಕಲಿತು ಮಾರಿ ಸಂಪಾದಿಸುವ ಹೆಣ್ಣುಮಕ್ಕಳಿದ್ದಾರೆ, ಅಲ್ಲಾಹನು ಬರಕತ್ ಕೊಡಲಿ. ಆದರೆ ಕೈಗವಸು ಹಾಕಿ, ಕಿಟಕಿ ತೆರೆದೇ ಮಾಡಬೇಕು. ಆ ದ್ರವ ಚರ್ಮಕ್ಕೆ ತಾಗುತ್ತಾ ಇದ್ದರೆ ಅಲರ್ಜಿ ಬರುತ್ತದೆ, ಅದರ ಆವಿಯೂ ಒಳ್ಳೆಯದಲ್ಲ. ಮಲಗುವ ಕೋಣೆಯಲ್ಲಿ, ಸಣ್ಣ ಮಕ್ಕಳ ಪಕ್ಕದಲ್ಲಿ ಬೇಡ.

ನಿಮಗೆ ಸ್ವತಃ ಮಾಡಲು ಕೈ ಬಾರದಿದ್ದರೆ ಮಾಡುವವರಿಂದ ಕೊಂಡುಕೊಳ್ಳಿ. ಕಾಡಿನ ಬಳ್ಳಿಯಿಂದ ಬುಟ್ಟಿ ಹೆಣೆಯುವ ಕೊರಗ ಸಮುದಾಯದವರು ನಮ್ಮ ಜಿಲ್ಲೆಯಲ್ಲೇ ಇದ್ದಾರೆ. ಅವರ ಬುಟ್ಟಿಯಲ್ಲಿ ಹಣ್ಣು ಇಟ್ಟು ಕೊಟ್ಟರೆ ಯಾವ ಹ್ಯಾಂಪರಿಗೂ ಕಡಿಮೆಯಲ್ಲ, ಹಣ್ಣು ಮುಗಿದ ಮೇಲೂ ಬುಟ್ಟಿ ವರ್ಷಗಟ್ಟಲೆ ಬಾಳುತ್ತದೆ. ಪಕ್ಕದ ಮನೆಯಲ್ಲಿ ಹೊಲಿಯುವ ವಿಧವೆಯೊಬ್ಬರಿದ್ದರೆ ಅವರಿಗೆ ನಾಲ್ಕು ಮುಸಲ್ಲದ ಆರ್ಡರ್ ಈಗಲೇ ಕೊಡಿ, ಮುಂಗಡವೂ ಕೊಡಿ. ದಯವಿಟ್ಟು ಚೌಕಾಸಿ ಮಾಡಬೇಡಿ. ಮಾಲಿನಲ್ಲಿ ಬೆಲೆಚೀಟಿ ನೋಡಿ ಸುಮ್ಮನೆ ಕೊಡುವವರು, ಹೊಲಿದವರ ಹತ್ತಿರ ಹತ್ತು ರೂಪಾಯಿಗೆ ಎಳೆದಾಡುವುದು ನೋಡಲಿಕ್ಕೆ ಚಂದ ಅಲ್ಲ.

ಪಡೆದುಕೊಳ್ಳುವವರಿಗೆ, ವಿಶೇಷವಾಗಿ ಗಂಡಿನ ಮನೆಯ ತಾಯಂದಿರಿಗೆ, ನನ್ನದೊಂದು ವಿನಂತಿ. ಬಂದದ್ದನ್ನು ಕೊಟ್ಟವರ ಎದುರೇ ಬಿಚ್ಚಿ ನೋಡಿ. ಮುಸಲ್ಲವಾದರೆ ಅಂದಿನ ಝುಹರ್ ಅದರ ಮೇಲೆಯೇ ಆಗಲಿ, ಹೊದಿಕೆಯಾದರೆ ಆ ರಾತ್ರಿಯೇ ಮಂಚಕ್ಕೆ ಬರಲಿ. ಬಂದವರು "ಸೊಸೆಯ ಮನೆಯಿಂದ ಎಂತ ಬಂತು" ಎಂದು ಕೇಳಿದಾಗ ಮೊದಲು ಅದನ್ನೇ ತೋರಿಸಿ. ನಿಮ್ಮ ಒಂದು ಮಾತಿನಿಂದ ಆ ಬೀದಿಯ ಇನ್ನು ನಾಲ್ಕು ಮನೆಗಳ ಸಾಲ ತಪ್ಪಬಹುದು. ಸೊಸೆ ಅಡುಗೆ ಮನೆಯಲ್ಲಿ ನಿಂತು ಕಿವಿಗೊಟ್ಟು ಕೇಳುತ್ತಿರುತ್ತಾಳೆ, ನೆನಪಿರಲಿ.

ಪುಟ್ಟ ಮಕ್ಕಳಿಗೊಂದು ಕೆಲಸ ಹೇಳಿ ಮುಗಿಸುತ್ತೇನೆ. ಮೊದಲ ನೋಂಬಿನಿಂದಲೇ ಇಫ್ತಾರಿನ ಸುಪ್ರದ ಬದಿಯಲ್ಲಿ ಒಂದು ಡಬ್ಬಿ ಇಡಿ, ಖರ್ಜೂರದ ಬೀಜ ಅದಕ್ಕೆ ಬೀಳಲಿ. ಹಿಂದೆ ಖರ್ಜೂರದ ಬೀಜ, ಸಣ್ಣ ಕಲ್ಲುಗಳನ್ನು ಮುಂದಿಟ್ಟು ತಸ್ಬೀಹ್ ಎಣಿಸಿದ್ದರ ಪ್ರಸ್ತಾಪ ಹದೀಸಿನಲ್ಲಿಯೂ ಬರುತ್ತದೆ. ಬೀಜವನ್ನು ಬಿಸಿನೀರಿನಲ್ಲಿ ಕುದಿಸಿ, ಹಳೆಯ ಬ್ರಶ್ಶಿನಲ್ಲಿ ತಿಕ್ಕಿ, ಮೂರು ನಾಲ್ಕು ದಿನ ಒಣಗಿಸಬೇಕು. ತೂತು ಕೊರೆಯುವುದು ದೊಡ್ಡವರ ಕೆಲಸ, ಬೀಜ ಕಲ್ಲಿನಷ್ಟು ಗಟ್ಟಿ. ಒಂದೂವರೆ ಮಿಲಿಮೀಟರಿನ ಬಿಟ್ ಹಾಕಿ, ಬೀಜವನ್ನು ಕೈಯಲ್ಲಿ ಹಿಡಿಯದೆ ಇಕ್ಕಳದಲ್ಲಿ ಕಚ್ಚಿಸಿ, ಅಡ್ಡಲಾಗಿ ಕೊರೆಯಿರಿ. ಕೆಲವು ಒಡೆಯುತ್ತವೆ, ಆದುದರಿಂದ 33 ಬೇಕಾದಲ್ಲಿ 45 ಇಟ್ಟುಕೊಳ್ಳಿ. ಪೋಣಿಸುವುದು ಮಕ್ಕಳಿಗೆ ಬಿಡಿ. ನೂಲು ಎರಡೆಳೆ ಇರಲಿ, ಗಂಟು ಹಾಕುವ ಮೊದಲು ಒಂದು ಬೀಜದಷ್ಟು ಸಡಿಲ ಬಿಡಲು ಹೇಳಿ, ಇಲ್ಲದಿದ್ದರೆ ಎಣಿಸುವಾಗ ಬೀಜ ಸರಿಯುವುದಿಲ್ಲ.